ಹುಚ್ಚಕ್ಕ ಅರ್ಧಕ್ಕೆ ನಿಲ್ಲಿಸುತ್ತಿದ್ದ ತಾಳ

ತೆಂಗಿನಕಾಯಿಗೆ ಮೂರು ಕಣ್ಣು, ಅದು ಕೆಳಗೆ ಯಾರಿದ್ದಾರೆಂದು ನೋಡಿಕೊಂಡೇ ಬೀಳುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ. ತೋಟದಲ್ಲಿ ಕೂಸನ್ನು ಮಲಗಿಸಿ ಕಳೆ ಕೀಳುವ ತಾಯಂದಿರು ಈ ಮಾತಿನ ಮೇಲೆಯೇ ಭಾರ ಹಾಕಿರುತ್ತಾರೆ. ಹಾಗಾಗಿ ಅಕಸ್ಮಾತ್ ಯಾರ ತಲೆಯ ಮೇಲಾದರೂ ಕಾಯಿ ಬಿತ್ತೆಂದರೆ ಜನ ಅಯ್ಯೋ ಅನ್ನುವ ಮೊದಲು, ‘ಏನು ಪಾಪ ಮಾಡಿದ್ದರೋ’ ಅನ್ನುತ್ತಾರೆ.

ಹುಚ್ಚಕ್ಕನ ಎಡಹುಬ್ಬಿನ ಮೇಲೆ ಅಂಥ ಗಾಯವಿತ್ತು. ಏಳು ಹೊಲಿಗೆಯ ಗುರುತು, ಹುಬ್ಬನ್ನು ಎರಡು ಪಾಲು ಮಾಡಿದ್ದ ಬಿಳಿ ಗೆರೆ. ‘ಕಾಯಿ ಬಿತ್ತು’ ಅನ್ನುವಳೇ ಹೊರತು ಎಲ್ಲಿ, ಯಾವಾಗ ಎಂದು ಹೇಳಿದವಳಲ್ಲ. ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲವೆಂದು, ಇದಕ್ಕಾದರೂ ದೃಷ್ಟಿ ತಾಗದಿರಲಿ ಎಂದು ಹೆತ್ತವರು ಆ ಹೆಸರಿಟ್ಟಿದ್ದರಂತೆ. ಆದರೆ ಅಷ್ಟು ನೆಟ್ಟಗಿನ ತಲೆಯ ಹೆಂಗಸನ್ನು ನಾನು ಕಂಡಿಲ್ಲ. ನೊಣವಿನಕೆರೆಯ ಸುತ್ತಿನ ನಾಲ್ಕು ಹಳ್ಳಿಗಳಲ್ಲಿ ಬಾಣಂತಿಯರಿಗೂ ಎಳೆಮಕ್ಕಳಿಗೂ ಎಣ್ಣೆ ನೀರು ಹಾಕುವುದು ಅವಳ ಕೆಲಸ. ಕಾಯಿ ಬಿದ್ದವಳೆಂದು ಕೆಲವರು ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ. ಆದರೆ ಹೆರಿಗೆಯಾದ ಒಂಬತ್ತನೇ ದಿನಕ್ಕೆ ಅದೇ ಮನೆಯವರು ಹಿತ್ತಲ ಬಾಗಿಲಲ್ಲಿ ನಿಂತು ಅವಳ ದಾರಿ ಕಾಯುತ್ತಿದ್ದರು.

ನಾನು ಅವಳ ಕೈಗೆ ಬಿದ್ದದ್ದು ೧೯೮೪ರ ಕಾರ್ತೀಕದಲ್ಲಿ, ನನ್ನ ಮಗಳು ಹುಟ್ಟಿದಾಗ. ನನಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ, ಅತ್ತೆ ದ್ರಾಕ್ಷಾಯಣಮ್ಮನ ಕೈಯಲ್ಲಿ. ಅತ್ತೆ ಕಡಿಮೆ ಮಾತಿನವರು. ಸಾರಿಗೆ ಉಪ್ಪು ಹಾಕಿದಷ್ಟೇ ಅಳತೆಯಲ್ಲಿ ಮಾತು ಹಾಕುವವರು.

ಆ ತಿಂಗಳ ನನ್ನ ದಿನಚರಿ ಈಗಲೂ ಇದೆ. ‘ನಿನ್ನೆ ನಿದ್ದೆ ಒಂದು ಗಂಟೆ. ಮಗು ಆರು ಸಲ ಹಾಲು ಕುಡಿಯಿತು.’ ‘ಇವತ್ತು ನಿದ್ದೆ ಇಲ್ಲ. ಸುಮ್ಮನೆ ಅಳು ಬಂತು.’ ಮಗು ಮಲಗಿದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಉಸಿರು ನಿಂತುಬಿಟ್ಟಿತೇನೋ ಎಂದು ಅದರ ಮೂಗಿನ ಮುಂದೆ ಬೆರಳು ಹಿಡಿದು ಕೂರುತ್ತಿದ್ದೆ. ಬೆರಳಿಗೆ ಬಿಸಿ ತಗುಲಿದರೂ ನಂಬಿಕೆ ಬರದು, ಮತ್ತೆ ಹಿಡಿಯುವುದು. ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟು, ‘ಚೆನ್ನಾಗಿ ನಿದ್ದೆ ಮಾಡಿ’ ಎಂದು ಹೇಳಿ ಹೋದರು. ಮಾತ್ರೆಯನ್ನು ತಪ್ಪದೆ ನುಂಗಿದೆ. ನಿದ್ದೆ ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಮೊದಲ ದಿನ ಹುಚ್ಚಕ್ಕ ಎಣ್ಣೆ ಬಟ್ಟಲು ಬೆಚ್ಚಗೆ ಮಾಡಿಕೊಂಡು ಬಚ್ಚಲಿಗೆ ಬಂದವಳು ನನ್ನ ಕಣ್ಣಿನ ಕೆಳಗೆ ಹೆಬ್ಬೆರಳು ಒತ್ತಿ ನೋಡಿದಳು.

“ಎಷ್ಟು ದಿನ ಆಯ್ತವ್ವ ನಿದ್ದೆಗೆಟ್ಟು?”

“ಎಂಟು.”

“ಮನ್ಸನ್ನ ಹಿಡ್ಕಂಡು ಕುಂತಿದ್ದೀಯ. ಹಿಡುದ್ರೆ ಅದು ಎಮ್ಮೆಕರ ಇದ್ದಂಗೆ, ಇನ್ನೂ ಜಗ್ತದೆ. ಹಗ್ಗ ಬುಡು. ಅದುಕ್ಕೊಂದು ತಾಳ ಹಾಕು, ಅದೇ ಹಿಂದೆ ಬತ್ತದೆ.”

ನೆತ್ತಿಗೆ ಎಣ್ಣೆ ಹಾಕಿ ಅಂಗೈಯಿಂದ ತಟ್ಟತೊಡಗಿದಳು. ಬಾಣಂತಿಯರ ತಲೆ ತಟ್ಟುವುದು ಹೊಸತಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಇವಳ ತಟ್ಟು ಬೇರೆ. ಮೂರು ಪೆಟ್ಟು ಚುರುಕಾಗಿ, ಒಂದು ಬಿಡುವು, ಎರಡು ಪೆಟ್ಟು ನಿಧಾನ, ಮತ್ತೆ ಬಿಡುವು. “ಪೆಟ್ಟಿಗೆ ಉಸ್ರು ತಗೋ, ಬಿಡುವಿಗೆ ಬುಡು. ಕಣ್ಣು ಒಂದೇ ಕಡೆ ಇರ್ಲಿ, ಅಗೋ, ಆ ಗವಾಕ್ಷಿ ಬೆಳಕು ನೋಡು.” ಪೆಟ್ಟು ತಲೆಯಿಂದ ಬೆನ್ನಿಗೆ ಇಳಿದು, ಮತ್ತೆ ತಲೆಗೆ ಹತ್ತಿ, ಬರಬರುತ್ತ ಏರಿ, ಇನ್ನೇನು ಎಲ್ಲಿಗೋ ಮುಟ್ಟಬೇಕು ಅನ್ನುವಾಗ ಥಟ್ಟನೆ ನಿಂತುಬಿಡುತ್ತಿತ್ತು. ಅಲ್ಲಿಂದ ಮತ್ತೆ ಮೊದಲು. ಒಂದು ದಿನವೂ ಅದು ಪೂರ್ತಿಯಾಗಲಿಲ್ಲ. ಆದರೂ ಆ ಮೊದಲ ದಿನ ಮಧ್ಯಾಹ್ನ ನಾನು ಸಾಂಬ್ರಾಣಿ ಹೊಗೆಯಲ್ಲಿ ತಲೆ ಒಣಗಿಸುತ್ತಲೇ ನಿದ್ದೆಹೋದೆ. ದಿನಚರಿಯಲ್ಲಿ ಬರೆದಿದ್ದೇನೆ: ‘ಎರಡೂವರೆ ಗಂಟೆ!’

ವಾರದಲ್ಲಿ ನಿದ್ದೆ ನಾಲ್ಕು ಗಂಟೆಗೆ ಏರಿತು. ಮಗುವಿನ ಮೂಗಿನ ಮುಂದೆ ಬೆರಳು ಹೋಗುವುದು ಕಡಿಮೆಯಾಯಿತು. ಹೋದರೂ ಮೂರು ಪೆಟ್ಟು, ಒಂದು ಬಿಡುವು ಎಂದು ಎಣಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳಲು ಕಲಿತೆ. “ಇದನ್ನೆಲ್ಲ ಎಲ್ಲಿ ಕಲಿತೆ?” ಎಂದು ಕೇಳಿದರೆ, “ಒಬ್ರು ಮೇಷ್ಟ್ರು ಇದ್ರು” ಎಂದು ಹಂಡೆಯ ಕಡೆ ತಿರುಗುತ್ತಿದ್ದಳು. ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೆ. ನಮ್ಮ ಹಿತ್ತಲಿನಲ್ಲಿ ಕಾಯಿಮನೆ ಇದೆ. ಅದರ ಅಟ್ಟಕ್ಕೆ ಗಾಳಿಯೂ ಹೊಗೆಯೂ ಆಡಲೆಂದು ಅಡಿಕೆ ದಬ್ಬೆಗಳನ್ನು ಸಂದಿ ಬಿಟ್ಟು ಹೊಡೆದಿದ್ದಾರೆ. ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಅದರ ಮೇಲೆ ಕಾಯಿ ಹರಡಿರುತ್ತಾರೆ. ಬಚ್ಚಲಿಗೆ ಸೌದೆ ಬೇಕೆಂದರೆ ಕಾಯಿಮನೆಯೊಳಗಿಂದಲೇ ಹತ್ತಿರದ ದಾರಿ. ಹುಚ್ಚಕ್ಕ ಮಾತ್ರ ಇಡೀ ಹಿತ್ತಲು ಸುತ್ತಿಕೊಂಡು ಬರುತ್ತಿದ್ದಳು.

ಹದಿನೆಂಟನೇ ದಿನ ಚಿಕ್ಕಮಾವ ಸದಾಶಿವಯ್ಯ ಬಂದರು. ಮಾವನವರ ತಮ್ಮ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಅಟ್ಟದ ಕಾಯಿ ಇಳಿಸುವ ಕಾಲಕ್ಕೆ ಬಂದು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆ ಬಿಟ್ಟುಕೊಂಡು ಗಡಗಡ ಅಂದರೆ ಒಂದು ರಾಶಿ, ಅನ್ನದಿದ್ದರೆ ಇನ್ನೊಂದು ರಾಶಿ ಮಾಡುವವರು. ಅವರ ಕಿವಿ ತಪ್ಪುವುದಿಲ್ಲವೆಂದು ಸಂತೆಯಲ್ಲೇ ಹೆಸರು. ಅಷ್ಟರಲ್ಲಾಗಲೇ ಅವರು ಎರಡು ಸಂಘಕ್ಕೆ ಅಧ್ಯಕ್ಷರು. ಬಿಳಿ ಪಂಚೆಗೆ ನೀಲಿ ಹಾಕಿಸುವ ಮನುಷ್ಯ.

ಅವರು ಬಚ್ಚಲಿನ ಗೋಡೆಯ ಆಚೆ ಕಾಯಿ ವಿಂಗಡಿಸುತ್ತ ಕೂತಿದ್ದರು. ಈಚೆ ಹುಚ್ಚಕ್ಕ ತಟ್ಟುತ್ತಿದ್ದಳು. ತಾಳ ಏರಿತು, ಏರಿತು, ಎಂದಿನಂತೆ ಆ ಜಾಗದಲ್ಲಿ ನಿಂತಿತು.

ಗೋಡೆಯಾಚೆಯಿಂದ ಮುಂದಿನದು ಬಂತು. ಕಾಯಿಯ ಮೇಲೆ ಬೆರಳ ಗೆಣ್ಣಿನಿಂದ ಟಕಟಕ, ಟಕ, ಟಕಟಕ ಟಕ್ಕ! ಚಿಕ್ಕಮಾವ ತಮಗೇ ಗೊತ್ತಿಲ್ಲದೆ ತಾಳ ಮುಗಿಸಿದ್ದರು.

ಹುಚ್ಚಕ್ಕನ ಕೈಗಳು ನನ್ನ ತಲೆಯಿಂದ ಇಳಿದವು. ಅವಳು ಎಣ್ಣೆ ಬಟ್ಟಲು ಎತ್ತಿಕೊಂಡು ಹೊರಗೆ ಹೋದಳು. ಬಾಗಿಲ ಸಂದಿಯಲ್ಲಿ ಕಂಡೆ, ಚಿಕ್ಕಮಾವ ತಲೆಯೆತ್ತಿ ಅವಳ ಮುಖ ನೋಡಿದರು, ಹುಬ್ಬು ನೋಡಿದರು. ಕೈಯಲ್ಲಿದ್ದ ಕಾಯಿ ಯಾವ ರಾಶಿಗೆ ಎಂಬುದೇ ಅವರಿಗೆ ಮರೆತುಹೋಯಿತು.

ನಾನು ಒದ್ದೆ ಸೀರೆ ಬದಲಿಸಿ ನಡುಮನೆಗೆ ಬರುವಷ್ಟರಲ್ಲಿ ಅವರು ಅತ್ತೆಯ ಮುಂದೆ ನಿಂತಿದ್ದರು.

“ಅತ್ತಿಗೆ, ಇವಳ್ಯಾರು ಅಂತ ಗೊತ್ತೇನ್ರೀ? ಮಿಸ್ ಬಿಜಲಿ! ರೆಕಾರ್ಡ್ ಡ್ಯಾನ್ಸ್‌ನೋಳು! ಇಂಥೋಳ ಕೈಗೆ ಹಸುಗೂಸು ಕೊಡ್ತೀರಲ್ಲ, ನಾಕು ಜನ ಕೇಳುದ್ರೆ ಏನಂತಾರೆ?”

ರೆಕಾರ್ಡ್ ಡ್ಯಾನ್ಸ್ ಅಂದರೆ ಈಗಿನವರಿಗೆ ತಿಳಿಯದು. ಎಪ್ಪತ್ತರ ಸುಮಾರಿನಲ್ಲಿ ಪೊಲೀಸರ ಕಣ್ಣು ತಪ್ಪಿಸಿ, ಗೋದಾಮು, ಕಾಯಿಮನೆಗಳ ಬಾಗಿಲು ಹಾಕಿಕೊಂಡು, ಸಿನಿಮಾ ಹಾಡಿನ ಪ್ಲೇಟು ಹಾಕಿ ಕುಣಿಯುತ್ತಿದ್ದ ಕುಣಿತ. ಬೀಡಿ ಅಂಗಡಿಯಲ್ಲಿ ಕಿವಿಮಾತಿನಲ್ಲಿ ಜಾಗ ಗೊತ್ತಾಗುತ್ತಿತ್ತಂತೆ.

ಹುಚ್ಚಕ್ಕ ಹಿತ್ತಲ ಬಾಗಿಲಲ್ಲಿ ನಿಂತೇ ಮಾತಾಡಿದಳು.

“ಹೌದು ಕಣಪ್ಪ, ಕುಣೀತಿದ್ದೆ. ಬಲ್ಬಿಗೆ ಕೆಂಪು ಕಾಗ್ದ ಸುತ್ತೋರು. ಚಮಕಿ ಲಂಗ, ಕಪ್ಪು ಕನ್ನಡ್ಕ. ಕಾಲು ನಡುಗ್ತಿದ್ರೆ ಡ್ರಮ್ಮು ಬಾರ್ಸೋ ಮೇಷ್ಟ್ರು ಹೇಳೋರು, ‘ಪೆಟ್ಟಿಗೆ ಉಸ್ರು ತಗೋ, ಬಿಡುವಿಗೆ ಬುಡು, ಕಣ್ಣು ಬಲ್ಬಿನ ಮ್ಯಾಲೆ ಇರ್ಲಿ’ ಅಂತ. ಯಾರ್ನೂ ಮುಟ್ಲಿಲ್ಲ, ಯಾರಿಂದ್ಲೂ ಮುಟ್ಟಿಸ್ಕಳ್ಲಿಲ್ಲ. ಕುಣುದ್ರೆ ಮೈಯೆಲ್ಲ ಹಗುರ ಆಗದು. ಅದುನ್ನ ಸುಳ್ಳು ಅಂತ ಯಾಕೆ ಹೇಳ್ಲಿ?” ಗಾಯ ಮುಟ್ಟಿಕೊಂಡಳು. “ಆಮ್ಯಾಕೆ ಇದು ಬಿತ್ತು. ಮೂರು ಕಣ್ಣಿನ ಕಾಯಿ ಅಷ್ಟು ಜನ್ರಲ್ಲಿ ನನ್ನೇ ಹುಡ್ಕಂಡು ಬಿತ್ತು. ಅಲ್ಲಿಗೆ ಬುಟ್ಟೆ. ನಮ್ಮ ಸೋದರತ್ತೆ ಇಲ್ಲೇ ಇದ್ಲು, ಅವಳ ತಾವ ಈ ಕೆಲ್ಸ ಕಲ್ತೆ.”

ಅತ್ತೆ ಅಡುಗೆಮನೆಯ ಕಡೆ ತಿರುಗಿದರು. ಹುಚ್ಚಕ್ಕ ಸೆರಗು ಬಿಗಿದುಕೊಂಡು ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಹೋಗುತ್ತಿದ್ದ ಇನ್ನೊಂದು ಮನೆಯವರೂ ಸುದ್ದಿ ಕೇಳಿ ‘ಬೇಡ’ ಎಂದು ಹೇಳಿಕಳಿಸಿದ್ದು ತಿಳಿಯಿತು. ಒಂದು ಮನೆಯ ಬಾಗಿಲು ಮುಚ್ಚಿದರೆ ನಾಲ್ಕು ಹಳ್ಳಿಯದೂ ಮುಚ್ಚುತ್ತದೆ, ಬಾಣಂತಿ ಮನೆಯ ಕೆಲಸವೇ ಹಾಗೆ. ನನ್ನ ದಿನಚರಿಯಲ್ಲಿ ಮತ್ತೆ ‘ಒಂದು ಗಂಟೆ’, ‘ಮುಕ್ಕಾಲು ಗಂಟೆ’. ನಾನೇ ತಾಳ ಹಾಕಿಕೊಂಡು ನೋಡಿದೆ. ಬಂದಷ್ಟು ಬಂತು, ಆದರೆ ನನಗಿಂತ ಅವಳ ಅನ್ನದ ಚಿಂತೆ ಹೆಚ್ಚಾಗಿ ಕಾಡಿತು.

ಮೂರನೇ ದಿನ ಬೆಳಗ್ಗೆ ಅತ್ತೆ ರೊಟ್ಟಿ ತಟ್ಟುತ್ತಿದ್ದಾಗ, ಚಿಕ್ಕಮಾವ ಎದುರಿಗೇ ಊಟಕ್ಕೆ ಕೂತಿದ್ದಾಗ ನಾನು ಹೇಳಿದೆ: “ಅತ್ತೆ, ನನಗೆ ಹುಚ್ಚಕ್ಕ ಬೇಕು. ನನ್ನ ಮಗುವನ್ನ ಅವಳೇ ಮೀಯಿಸಬೇಕು. ಅವಳು ಏನಾಗಿದ್ದಳು ಅನ್ನೋದು ನನಗೆ ಬೇಡ. ಅಲ್ಲ, ಬೇಕು. ಅಲ್ಲಿ ಕಲಿತಿದ್ದರಿಂದಲೇ ನಾನು ನಿದ್ದೆ ಮಾಡಿದ್ದು.”

ಸೊಸೆ ಹಿರಿಯರೆದುರು ಅಷ್ಟು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಚಿಕ್ಕಮಾವ ತುತ್ತು ಕೆಳಗಿಟ್ಟರು. “ಬಾಣಂತಿ ಮನ್ಸು, ಏನೋ ಮಾತಾಡ್ತಾಳೆ ಬುಡಿ ಅತ್ತಿಗೆ.”

ಅತ್ತೆ ರೊಟ್ಟಿ ತಿರುವಿ ಹಾಕಿದರು. “ಸದಾಶಿವ, ಅವಳ ಮುಖ ನಿಂಗೆ ಹೆಂಗೆ ಗೊತ್ತಾಯ್ತು?”

“ಅದೇ… ಆಗ ಯಾರೋ ಹೇಳಿದ್ರು…”

“ಮುಖಾನ ಬಾಯಲ್ಲಿ ಹೇಳ್ತಾರೇನ್ಲಾ? ನಿಮ್ಮಣ್ಣ ಅರಳಗುಪ್ಪೆಗೆ ಹೋಗಿದ್ದಾಗ ನಮ್ಮ ಕಾಯಿಮನೆ ಬೀಗದ ಕೈ ಆ ತಂಡದೋರಿಗೆ ಕೊಟ್ಟೋನು ಯಾರು?”

ಚಿಕ್ಕಮಾವನ ಮುಖ ಸಿಪ್ಪೆ ಸುಲಿದ ಕಾಯಿಯ ಹಾಗಾಯಿತು. ಅತ್ತೆ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದು, ಆ ಮನೆಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತನ್ನು ಆಡಿದರು.

“ನಾನು ಅವತ್ತು ಅಟ್ಟದ ಮೇಲಿದ್ದೆ. ಕಾಯಿ ತಿರುವಿ ಹಾಕೋಕೆ ಹತ್ತಿದ್ದೆ. ಕೆಳಗೆ ನಲವತ್ತು ಗಂಡಸ್ರು ಬಂದು ಬಾಗ್ಲು ಹಾಕ್ಕಂಡ್ರು. ಹೆಂಗೆ ಇಳೀಲಿ? ಕಾಯಿ ಮೇಲೇ ಬೋರಲು ಮಲಗಿ, ದಬ್ಬೆ ಸಂದೀಲಿ ನೋಡ್ದೆ. ಮೊದ್ಲು ಹೆದ್ರಿಕೆಗೆ ನೋಡ್ದೆ. ಆಮೇಲೆ ಆಸೆಗೆ ನೋಡ್ದೆ. ಚೆನ್ನಾಗಿ ಕಾಣ್ಲಿ ಅಂತ ಮುಂದಕ್ಕೆ ಸರುದಾಗ ನನ್ನ ಮೊಣಕಾಲು ತಗುಲಿ ಒಂದು ಕಾಯಿ ಉಳ್ಳಿ, ಅಂಚಿನಿಂದ ಕೆಳಗೆ ಹೋಯ್ತು.”

ಅತ್ತೆ ಕೈಗೆ ಮೆತ್ತಿದ್ದ ಹಿಟ್ಟು ಕೊಡವಿದರು.

“ಹನ್ನೆರಡು ವರ್ಷ ಹೇಳ್ಳಿಲ್ಲ. ಹೇಳುದ್ರೆ ನಾನು ನೋಡಿದ್ದೂ ಹೇಳ್ಬೇಕಲ್ಲ. ಅವಳಿಗೆ ಕಾಳು ಕೊಟ್ಟೆ, ಸೀರೆ ಕೊಟ್ಟೆ, ಈ ಮನೆ ಬಾಣಂತಿ ನೀರಿಗೂ ನಾನೇ ಕರ್ದೆ. ತೀರ್ತು ಅಂದ್ಕಂಡಿದ್ದೆ. ಮೊನ್ನೆ ಅವಳು ‘ಕಾಯಿ ನನ್ನೇ ಹುಡ್ಕಂಡು ಬಿತ್ತು’ ಅಂದಾಗ ಗೊತ್ತಾಯ್ತು, ತೀರಿಲ್ಲ.” ಎದ್ದು ದೇವರ ಗೂಡಿನಿಂದ ಒಂದು ಕಾಯಿ, ಎಲೆ, ಅಡಿಕೆ ತಂದು ಮೈದುನನ ಮುಂದಿಟ್ಟರು. “ಹೋಗಿ ಮರ್ಯಾದೆಯಿಂದ ಕರ್ಕಂಬಾ. ಇಲ್ದಿದ್ರೆ ನಿನ್ನ ಸಂಘದೋರ ಮುಂದೆ ಬೀಗದ ಕೈ ಕಥೆ ನಾನೇ ಹೇಳ್ತೀನಿ.”

ಹೊತ್ತು ಏರುವಷ್ಟರಲ್ಲಿ ಹುಚ್ಚಕ್ಕ ಬಂದಳು, ಹಿಂದೆ ಚಿಕ್ಕಮಾವ ಸೈಕಲ್ ತಳ್ಳಿಕೊಂಡು. ಅತ್ತೆ ಅವಳನ್ನು ಕೈಹಿಡಿದು ಕಾಯಿಮನೆಯ ಬಾಗಿಲಿಗೆ ಕರೆದುಕೊಂಡು ಹೋದರು. ನಾನು ಮಗುವನ್ನೆತ್ತಿಕೊಂಡು ಹಿಂದೆ ನಿಂತೆ. ಹೊಸ್ತಿಲಲ್ಲಿ ಅವಳ ಕಾಲು ಮುಂದೆ ಬಾರದು.

“ಮೇಲೆ ನೋಡು,” ಅಂದರು ಅತ್ತೆ. “ಅಗೋ, ಆ ಅಂಚಿನ ಸಂದಿ. ಅಲ್ಲಿ ನಾನು ಮಲಗಿದ್ದೆ. ಕಾಯಿ ತಾನಾಗಿ ಬೀಳ್ಲಿಲ್ಲ ಕಣೇ. ನನ್ನ ಮೊಣಕಾಲಿಗೆ ಕಣ್ಣಿರ್ಲಿಲ್ಲ.”

ಹುಚ್ಚಕ್ಕ ಅಟ್ಟವನ್ನೇ ನೋಡುತ್ತ ನಿಂತಳು. ಅವಳು ಬಯ್ಯಬೇಕೆಂದು ನಾನು ಕಾದೆ. ಬಯ್ದಿದ್ದರೆ ಅತ್ತೆ ತಲೆ ತಗ್ಗಿಸಿ ಕೇಳುತ್ತಿದ್ದರು. ಅವಳ ಎದೆ ಒಮ್ಮೆ ಏರಿ, ನಿಂತು, ಇಳಿಯಿತು. ನನಗೆ ಕಲಿಸಿದ ಅದೇ ಲೆಕ್ಕ.

“ಹನ್ನೆರಡು ವರ್ಸ,” ಅಂದಳು. “ಏನು ತಪ್ಪು ಮಾಡುದ್ನೋ ಅಂತ ದಿನಾ ತಡಕ್ತಿದ್ದೆ ಕಣವ್ವ. ಒಂದೂ ಸಿಕ್ತಿರ್ಲಿಲ್ಲ. ಸಿಕ್ಕದೇ ಇದ್ದುದ್ದಕ್ಕೇ ಇನ್ನೂ ಹೆದ್ರಿಕೆ ಆಗದು.” ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋದಳು. ಅಟ್ಟದ ಕೆಳಗೆ, ಸರಿಯಾಗಿ ಆ ಸಂದಿಯ ಅಡಿಯಲ್ಲಿ ನಿಂತು, ನಮ್ಮ ಕಡೆ ತಿರುಗಿ, ಜೋರಾಗಿ ನಕ್ಕಳು. “ಅಲ್ಲ ಕಣ್ರೀ ದೊಡ್ಡವ್ವ, ಅಷ್ಟೊಂದು ಚೆನ್ನಾಗಿ ಕುಣೀತಿದ್ನಾ ನಾನು?”

“ಚೆನ್ನಾಗಿದ್ದುದ್ದಕ್ಕೇ ಅಲ್ವೇನೇ ಮುಂದಕ್ಕೆ ಸರಿದದ್ದು.”

ಅವತ್ತಿನ ನೀರಿನಲ್ಲಿ ಹುಚ್ಚಕ್ಕ ನನ್ನ ತಲೆಯ ಮೇಲೆ ತಾಳ ಏರಿಸಿದಳು. ಆ ಜಾಗ ಬಂತು. ಕೈ ಒಂದು ಗಳಿಗೆ ಅನುಮಾನಿಸಿ, ದಾಟಿ, ಮುಂದಕ್ಕೆ ಹೋಯಿತು. ಪೂರ್ತಿ ತಾಳ ಎಷ್ಟು ಉದ್ದವಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಊರಿನ ಇನ್ನೊಂದು ಮನೆಯ ಬಾಗಿಲನ್ನು ಅತ್ತೆಯೇ ಹೋಗಿ ತೆರೆಸಿದರು. ಏನು ಹೇಳಿದರೋ, ಮಾರನೆಯ ದಿನದಿಂದ ಅವಳು ಅಲ್ಲಿಗೂ ಹೋದಳು.

ಮುಂದೆ ತಿಪಟೂರಿಗೆ ವಿಡಿಯೋ ಬಂತು. ಬಾಗಿಲು ಹಾಕಿಕೊಂಡು ನೋಡುವವರು ಅದನ್ನು ನೋಡತೊಡಗಿದರು. ಚಿಕ್ಕಮಾವ ಮಾತ್ರ ಕಾಯಿ ಇಳಿಸಲು ಬಂದಾಗ, “ಆಗಿನ ಪ್ಲೇಟುಗಳೇ ಬೇರೆ” ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದರು. ಗೋಡೆಯ ಈಚೆಯಿಂದ ಹುಚ್ಚಕ್ಕ, “ಹೌದು ಬುಡಪ್ಪ” ಅನ್ನುತ್ತಿದ್ದಳು.

ಹುಚ್ಚಕ್ಕ ಮರಳಿ ಬಂದ ಆ ದಿನ ಮಗುವನ್ನು ಮೀಯಿಸಿ ಮುಗಿದ ಮೇಲೆ ಅತ್ತೆ ಬಚ್ಚಲ ಬಾಗಿಲಿಗೆ ಬಂದು, ಸೆರಗಿನ ತುದಿ ತಿರುಚುತ್ತ ನಿಂತರು.

“ಏನ್ ದೊಡ್ಡವ್ವ?”

“ಏನಿಲ್ಲ. ಆ ಕಾಯಿ ಬಿದ್ದ ಗಲಾಟೇಲಿ ಪ್ಲೇಟು ನಿಂತೋಯ್ತಲ್ಲ. ಆಮೇಲಿಂದು ಹೆಂಗಿತ್ತು?”

ಹುಚ್ಚಕ್ಕ ಬಾಗಿಲು ಅರ್ಧ ಮುಂದೆ ಮಾಡಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡಳು. “ಮಗೀನ ಹಿಡ್ಕೊ, ಆಚೆ ನಿಂತ್ಕೊ,” ಎಂದು ನನಗೆ ಹೇಳಿ, ಒದ್ದೆ ಕಲ್ಲಿನ ಮೇಲೆ ಒಂದು ಹೆಜ್ಜೆ ಹಾಕಿದಳು.