ಸೊಸೆ ಎಷ್ಟು ದಿನ ಇರುತ್ತಾಳೆ?

ಗೆಳೆಯರೇ, ತಂಗಿಯ ಮದುವೆ ಮುಗಿಸಿಕೊಂಡು ನನ್ನ ತವರು ವಿಯೆಟ್ನಾಮಿನಿಂದ ಇವತ್ತು ಗಂಡನ ಊರು ಪೂರಿಗಾಲಿಗೆ ಮರಳಿದೆ. ಜೊತೆಗಿದ್ದ ನಮ್ಮತ್ತೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಭಾರತೀಯರ ಸಾಲಿನಿಂದ ಬೇಗ ದಾಟಿ, ಆಚೆ ನನಗಾಗಿ ಕಾಯುತ್ತಿದ್ದರು. ನಾನು ವಿದೇಶಿಯರ ಸಾಲು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಕಿಟಕಿಯ ಮುಂದೆ ಪಾಸ್‌ಪೋರ್ಟನ್ನು ಎರಡೆರಡು ಸಲ ತೆರೆದು ನೋಡಿಕೊಳ್ಳುತ್ತೇನೆ.

“ಎಲ್ಲಿಗೆ ಹೋಗ್ತೀರಿ?” ಎಂದರು ಅಧಿಕಾರಿ.

“ಮನೆಗೆ ಸಾರ್. ಮಳವಳ್ಳಿ ಹತ್ರ.”

“ಎಷ್ಟು ದಿನ ಇರ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆಚೆಯಿಂದ, “ಅಂಗ್ಯಾಕಪ್ಪ ಕೇಳ್ತೀಯ? ಅವ್ಳು ನಮ್ಮನೆ ಸೊಸೆ ಕಣಪ್ಪ” ಎಂದರು.

ಅಧಿಕಾರಿ ನಗಲಿಲ್ಲ. “ವೀಸಾ ಇನ್ನೊಂದೇ ವರ್ಷ ಇದೆಯಮ್ಮ, ಅದಕ್ಕೆ ಕೇಳಿದೆ” ಎಂದು ಮುದ್ರೆ ಒತ್ತಿದರು.

ಬಸ್ಸಿನಲ್ಲಿ ಕೂತ ಮೇಲೆ ಅತ್ತೆ, “ಒಂದ್ ವರ್ಸ ಸಾಕು ಬುಡವ್ವ, ನಾನೇ ಅಷ್ಟು ದಿನ ಇರ್ತೀನೋ ಇಲ್ವೋ” ಎಂದರು.

ನನ್ನ ವೀಸಾ ಇರಲಿ, ಈ ಭೂಮಿಯ ಮೇಲಿನ ಅತ್ತೆಯ ವೀಸಾ ಮುಂದುವರಿಸುವ ಕಚೇರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.