ಬಿಳಿ ಕಲ್ಲಿನ ಮೇಲೆ ಹುಣಸೆಹಣ್ಣು

ನಾನು ಬ್ಯಾಡಗಿಗೆ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು, ಮಾವನವರ ಹೊಸ ಮನೆ ಮುಗಿಯಿತು. ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಆಗ ಎಲ್ಲರ ಮನೆಯ ನೆಲಕ್ಕೂ ಶಹಾಬಾದ್ ಫರಸಿ ಕಲ್ಲೇ. ನಮ್ಮದಕ್ಕೂ ಅದೇ, ಆದರೆ ದೇವರ ಮನೆಗೆ ಮಾತ್ರ ಬಿಳಿ ಮಾರ್ಬಲ್ ಆಗಬೇಕೆಂದು ಮಾವನವರು ಹಟ ಹಿಡಿದರು. ಮನೆ ಕಟ್ಟಿದ ಗೌಂಡಿ ತಾನೇ ಹುಬ್ಬಳ್ಳಿಗೆ ಹೋಗಿ, ಒಂದೊಂದು ಕಲ್ಲನ್ನೂ ಬಿಸಿಲಲ್ಲಿ ನೋಡಿ ಆರಿಸಿ ತಂದ. ಸಂದಿ ಕಾಣದಂತೆ ಕೂಡಿಸಿ, ಮುಖ ಕಾಣುವಂತೆ ಉಜ್ಜಿದ. ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಗೆ ಬಂದವರನ್ನೆಲ್ಲ ಮನೆಗೆ ಕರೆತಂದು ಆ ನೆಲ ತೋರಿಸುತ್ತಿದ್ದರು. ಅದನ್ನು ನೋಡಿದ ಇಬ್ಬರು ತಮ್ಮ ಮನೆಯ ಕೆಲಸವನ್ನೂ ಅವನಿಗೇ ಕೊಡುವುದಾಗಿ ಮಾತು ಕೊಟ್ಟರು.

ನನಗೆ ಚೊಕ್ಕತನದ ಹುಚ್ಚು. 'ನಮ್ಮ ಸೊಸಿ ಕೈ ಹಚ್ಚಿದ್ರ ಪಾತ್ರಿ-ಭಾಂಡಿ ಕನ್ನಡಿ ಆಗ್ತಾವು' ಎಂದು ಅತ್ತೆ ಓಣಿ ತುಂಬ ಹೇಳಿಕೊಂಡು ಬಂದಿದ್ದರು. ಆ ಹೊಗಳಿಕೆ ತಲೆಗೇರಿತ್ತು. ಹುಣ್ಣಿಮೆಯ ಹಿಂದಿನ ದಿನ ಹಿತ್ತಾಳೆ ದೀಪಗಳನ್ನು ತಿಕ್ಕಿ ಬೆಳಗಬೇಕಿತ್ತು. "ಹಿತ್ತಲಕ್ಕ ಒಯ್ದು ಬೆಳಗವಾ" ಎಂದು ಅತ್ತೆ ಹೇಳಿದ್ದರು. ಹಿತ್ತಲಲ್ಲಿ ಇನ್ನೂ ಉಸುಕು ಬಿದ್ದಿದೆ ಎಂಬುದು ನನ್ನ ನೆಪ. ಖರೇ ಹೇಳಬೇಕೆಂದರೆ ಆ ತಣ್ಣನೆಯ ಬಿಳಿ ಕಲ್ಲಿನ ಮೇಲೆ ಕಾಲು ಚಾಚಿ ಕೂಡುವ ಆಸೆ. ಅಲ್ಲೇ ಕುಳಿತೆ, ದೀಪಗಳಿಗೆ ಹುಣಸೆಹಣ್ಣು ಬಳಿದು ನೆನೆಯಲು ಬಿಟ್ಟೆ, ತಿಕ್ಕಿದೆ, ನೀರು ಹಾಕಿ ನೆಲ ಒರೆಸಿದೆ.

ಮರುದಿನ ಬೆಳಿಗ್ಗೆ ಪೂಜೆಗೆ ಹೋದ ಮಾವನವರು ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕೈಯಾಡಿಸುತ್ತ ಕುಕ್ಕರಗಾಲಲ್ಲಿ ಕುಳಿತಿದ್ದರು. ಕಿಟಕಿಯ ಬಿಸಿಲು ಬಿದ್ದಲ್ಲಿ ಆರು ದುಂಡನೆಯ ಕಲೆಗಳು. ಅಷ್ಟಷ್ಟು ಜಾಗದಲ್ಲಿ ಕಲ್ಲಿನ ಹೊಳಪೇ ಸತ್ತುಹೋಗಿತ್ತು. ದುಂಡು ನೋಡಿದ ಕೂಡಲೇ ಗೂಡಿನಲ್ಲಿದ್ದ ದೀಪಗಳನ್ನು ಎಣಿಸಿದೆ. ಆರು ದೀಪ, ಆರು ಕಲೆ.

"ಖೋಟಾ ಮಾಲು ಹಾಕ್ಯಾನ ಗೌಂಡಿ" ಎಂದರು ಮಾವನವರು. "ಛಲೋ ಕಲ್ಲು ತೋರಿಸಿ, ಹಲ್ಕಾ ಕಲ್ಲು ಕೂಡಿಸ್ಯಾನ."

ಬೇರೆ ಹೊತ್ತಿನಲ್ಲಿ ನಾನು ಬಾಯಿ ಮುಚ್ಚುವವಳಲ್ಲ, ಕೇಳದಿದ್ದರೂ ನಾಲ್ಕು ಮಾತು ಹೆಚ್ಚೇ ಆಡುವವಳು. ಅವತ್ತು ತುಟಿ ಹೊಲಿದಂತಾಯಿತು. ಅತ್ತೆಯ ಮಾತು ಮೀರಿದ್ದು, ಮಾವನವರ ಆಸೆಯ ನೆಲ ಕೆಡಿಸಿದ್ದು, ಚೊಕ್ಕ ಸೊಸೆ ಎಂಬ ಹೆಸರು, ಎಲ್ಲ ಒಟ್ಟಿಗೆ ನೆನಪಾದವು.

ಗೌಂಡಿ ಬಂದ. ಕಲೆಯ ಮೇಲೆ ನೀರು ಚಿಮುಕಿಸಿ ಬೆರಳಿಂದ ಸವರಿದ. ಅಷ್ಟರಲ್ಲಿ ಯಾರೋ ಕರೆದರೆಂದು ಮಾವನವರು ಬಾಗಿಲಿಗೆ ಹೋದರು. ಅವನು ಗೂಡಿನಲ್ಲಿದ್ದ ದೀಪವೊಂದನ್ನು ತೆಗೆದು ಕಲೆಯ ಮೇಲಿಟ್ಟ. ಕರಾರುವಾಕ್ಕಾಗಿ ಕೂತಿತು. ತಲೆಯೆತ್ತಿ ನನ್ನನ್ನು ನೋಡಿದ.

"ಅವ್ವಾರ, ಹುಣಸಿಹಣ್ಣು ಈ ಕಲ್ಲಿಗೆ ಆಗೂದಿಲ್ರಿ" ಎಂದ, ಸಣ್ಣ ದನಿಯಲ್ಲಿ. "ಇನ್ನಮ್ಯಾಲೆ ತಿಕ್ಕೂ ಮುಂದ ಕೆಳಗೊಂದು ದೊಡ್ಡ ತಾಟೋ ಪರಾತೋ ಇಟ್ಕೋರಿ."

ಮಾವನವರು ವಾಪಸು ಬಂದು "ಏನಂತೀಪಾ ಈಗ?" ಎಂದರು. ಅವನು ಮತ್ತೊಮ್ಮೆ ನನ್ನ ಕಡೆ ನೋಡಿದ. ನಾನೇ ಹೇಳುತ್ತೇನೆಂದು ಕಾದನೋ ಏನೋ. ನಾನು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ನಡೆದುಬಿಟ್ಟೆ. "ಉಜ್ಜಿ ಕೊಡ್ತೇನ್ರಿ ಸಾವ್ಕಾರ್ರ" ಎಂದದ್ದು ಅಲ್ಲಿಗೆ ಕೇಳಿಸಿತು.

ಮೂರು ದಿನ ಮೊಣಕಾಲೂರಿ ಕುಳಿತು ಉಜ್ಜಿದ. ಆ ಸಪ್ಪಳ ಕೇಳುತ್ತಲೇ ನಾನು ರೊಟ್ಟಿ ಬಡಿದೆ. ಅವನಿಗೆ ಎರಡು ಹೊತ್ತು ಚಹಾ ಕೊಟ್ಟೆ, ಬೆಲ್ಲ ಜಾಸ್ತಿ ಹಾಕಿ. ನನ್ನ ಯೋಗ್ಯತೆ ಅಷ್ಟೇ. ನೆಲ ಮೊದಲಿನಂತೆ ಹೊಳೆಯಿತು. ಮಾವನವರು ಅಂಗಡಿಯಲ್ಲಿ ಹೇಳಿದ್ದು ಬೇರೆಯೇ: "ತಪ್ಪು ಅವಂದ ಇತ್ತು. ಇಲ್ಲಂದ್ರ ತುಟಿ ಪಿಟಕ್ಕನ್ನದ ಮೂರು ದಿನ ಯಾಕ ಉಜ್ತಿದ್ದ?" ಮಾತು ಕೊಟ್ಟಿದ್ದ ಇಬ್ಬರೂ ಹಿಂದೆ ಸರಿದರು. ಆಮೇಲೆ ಊರಲ್ಲಿ ಯಾರೂ ಅವನನ್ನು ಕರೆಯಲಿಲ್ಲ. ಹಾವೇರಿಯಲ್ಲಿ ಇನ್ನೊಬ್ಬ ಗೌಂಡಿಯ ಕೈಕೆಳಗೆ ಫರಸಿ ಹೊರುತ್ತಾನಂತೆ ಎಂದು ನನ್ನ ಗಂಡ ಒಂದು ದಿನ ಊಟದ ಹೊತ್ತಿಗೆ ಹೇಳಿದರು. ನಾನು ಸಾರು ಬಡಿಸಿದೆ.

ಮರುವರ್ಷ ನನ್ನ ತಮ್ಮ ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಲು ಹೊರಟ. ನಮ್ಮ ದೇವರ ಮನೆ ನೋಡಿ, "ಅಕ್ಕಾ, ಎಷ್ಟ ಛಂದ ಕೂಡಿಸ್ಯಾನ. ಈ ಗೌಂಡೀನ ಕರಸ್ಲೇನು?" ಎಂದ. ಮಾವನವರು ಅಲ್ಲೇ ಪೇಪರ್ ಓದುತ್ತಿದ್ದರು.

"ಬ್ಯಾಡಪಾ, ಬ್ಯಾರೆ ಯಾರನ್ನರ ನೋಡು" ಎಂದೆ. ಅವತ್ತು ಸುಮ್ಮನಿದ್ದದ್ದಕ್ಕೆ ಹೆದರಿಕೆ ಎಂಬ ಹೆಸರಾದರೂ ಇತ್ತು. ಈ ಮಾತನ್ನು ನಾನೇ ಬಾಯಿ ತೆರೆದು ಆಡಿದೆ. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ತಮ್ಮನ ಗೃಹಪ್ರವೇಶಕ್ಕೆ ಹೋದಾಗ ಅವನ ಹೆಂಡತಿ ಹೊಸ ಮಾರ್ಬಲ್ ಮೇಲೆ ದೀಪಗಳನ್ನು ಸಾಲಾಗಿಟ್ಟುಕೊಂಡು, ಹುಣಸೆಹಣ್ಣಿನ ಬಟ್ಟಲಿಗೆ ಕೈ ಹಾಕಿದ್ದಳು. ಓಡಿಹೋಗಿ ಅವಳ ಕೈ ಹಿಡಿದೆ. ಅಡುಗೆಮನೆಯಿಂದ ಪರಾತ ತಂದು ದೀಪಗಳ ಕೆಳಗಿಟ್ಟೆ. ಹುಳಿ ತಾಗಿದರೆ ಕಲ್ಲಿನ ಹೊಳಪು ಹೋಗುತ್ತದೆಂದು ಬಿಡಿಸಿ ಹೇಳಿದೆ. ಅವಳು ಬೆರಗಾಗಿ ನೋಡಿದಳು.

"ನಿಮಗ ಯಾರು ಹೇಳಿದ್ರು ಅಕ್ಕಾರ ಇದನ್ನ?"

ಅಲ್ಲಿ ಮಾವನವರಿರಲಿಲ್ಲ, ಅತ್ತೆಯೂ ಇರಲಿಲ್ಲ. ನಾವಿಬ್ಬರೇ ಇದ್ದೆವು.

"ಯಾರೂ ಹೇಳಿಲ್ಲವಾ" ಎಂದೆ, "ನನಗ ಮೊದ್ಲಿಂದ ಗೊತ್ತಿತ್ತು."