ಬೈಸಿಕೊಳ್ಳುವ ದೇವರು

ಮಕ್ಕಳೇ, ಇಂದು ಬೆಳಿಗ್ಗೆ ಮೊಬೈಲಿನ ಚಾರ್ಜರ್ ಸಿಗದೆ ನೀವಿಬ್ಬರೂ ಸೋಲಾಪುರದ ಈ ಮನೆಯನ್ನೆಲ್ಲ ತಲೆಕೆಳಗು ಮಾಡಿ, ಕೊನೆಗೆ ಅಡುಗೆಮನೆಯ ಮೂಲೆಯ ಗುಂಡುಕಲ್ಲಿನ ಮುಂದೆ ನಿಂತು ಮರಾಠಿಯಲ್ಲಿ ಬೈದಿರಿ. ನನಗೆ ನಗು ಬಂತು. ಆ ದೇವರಿಗೆ ಯಾವ ಭಾಷೆಯಾದರೂ ನಡೆಯುತ್ತದೆ. ಬೈಗುಳ ಮಾತ್ರ ಮನಸ್ಸಿನಿಂದ ಬರಬೇಕು.

ಅವನ ಹೆಸರು ಇದ್ದಿಲ್ಲಪ್ಪ. ಯಾವ ಪುರಾಣದಲ್ಲೂ ಹುಡುಕಬೇಡಿ. ಕಂದಲಗಾಂವದ ನಮ್ಮ ಹಳ್ಳಿಮನೆಯ ಅಡುಗೆಮನೆಯಲ್ಲಿ ನನ್ನ ಅತ್ತೆ ಹುಟ್ಟಿಸಿದ ಧರ್ಮ ಅದು. ಕಲ್ಲಿನ ಒಂದು ಬದಿಗೆ ಸುಣ್ಣದ ಜೋಡಿ ಕಣ್ಣು, ಅದು ವಸ್ತು ಮುಚ್ಚಿಡುವ ಮುಖ. ಇನ್ನೊಂದು ಬದಿಗೆ ಕುಂಕುಮದ ಜೋಡಿ ಕಣ್ಣು, ಅದು ತಿರುಗಿ ಕೊಡುವ ಮುಖ. ಹೂವು, ಕಾಯಿ ಒಲ್ಲ. ಏನಾದರೂ ಕಳೆದರೆ ಗಟ್ಟಿಯಾಗಿ ಬೈಯಬೇಕು, ಸಿಕ್ಕರೆ ಬೆಲ್ಲ ಇಡಬೇಕು. ಕದಿಯುವವನೂ ಕೊಡುವವನೂ ಅವನೇ ಆದರೆ ಭಕ್ತರಿಗೆ ಎಷ್ಟು ನೆಮ್ಮದಿ ನೋಡಿ: ಮನೆಯಲ್ಲಿ ಮತ್ತೊಬ್ಬರ ಮೇಲೆ ಅನುಮಾನವೇ ಬೇಡ.

ನಾನು ಆಗ ಹೊಸ ಸೊಸೆ. ಅತ್ತೆಯ ಮುಂದೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ. ಕರೆದೊಯ್ಯಲು ತವರೂರು ಮಂದ್ರೂಪದಿಂದ ಅಣ್ಣ ಬಂದು ಕಟ್ಟೆಯ ಮೇಲೆ ಕೂತಿದ್ದಾನೆ. ಅತ್ತೆ ಕಳಿಸುತ್ತೇನೆಂದೂ ಅನ್ನಲೊಲ್ಲರು, ಇಲ್ಲವೆಂದೂ ಅನ್ನಲೊಲ್ಲರು. ತವರಿನಲ್ಲಿ ಗೆಳತಿಯರೊಡನೆ ಜೋಕಾಲಿ ಜೀಕುವ ಆಸೆಯನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ಮಜ್ಜಿಗೆಯ ಕಡಗೋಲು ಕಾಣೆಯಾಯಿತು.

"ಬೈಯವ್ವಾ, ಸುಮ್ನ ನಿಂತರ ಅಂವಾ ಕೊಡ್ತಾನೇನು?" ಎಂದರು ಅತ್ತೆ.

ಕಲ್ಲಿನ ಮುಂದೆ ನಿಂತು, ಕಣ್ಣು ಮುಚ್ಚಿ, ಬಾಯಿ ತೆರೆದೆ. "ಎಂಥಾ ದೇವರಪಾ ನೀ! ಕಡಗೋಲು ಬೇಕಾದ್ರ ಇಟ್ಕೋ, ನನ್ನ ಪಂಚಮಿ ಯಾಕ ಮುಚ್ಚಿಟ್ಟಿ? ಅಣ್ಣ ಮುಂಜಾನಿಂದ ಕುಂತಾನ, ಎರಡ ಜೋಡಿ ಕಣ್ಣ ಇದ್ದೂ ನಿನಗ ಕಾಣವಲ್ದೇನು?"

ಅತ್ತೆಯೂ ಕಲ್ಲಿನ ಕಡೆಗೇ ತಿರುಗಿದರು. "ಕೇಳಿದೇನಪಾ? ಈಕಿಗೆ ಬಾಯಿ ಐತಿ! ಹೋಗ್ತೀನಂತ ಒಂದ ಮಾತ ತಾನಽ ಹೇಳಲಿ ಅಂತ ಎಂದಿನಿಂದ ಕಾಯಾಕತ್ತೀನಿ." ಹಾಗೆನ್ನುತ್ತ ಜೋಳದ ಚೀಲದೊಳಗೆ ಕೈ ಹಾಕಿ ಕಡಗೋಲು ಎಳೆದು ತೆಗೆದರು.

ಎರಡು ಮುಖ ಕಲ್ಲಿಗೆ ಎಲ್ಲಿಂದ ಬಂದವೆಂದು ಅಂದು ತಿಳಿಯಿತು. ಅತ್ತೆಯ ಬಿಗುಮಾನ ಮುಂದೆ, ಅಕ್ಕರೆ ಹಿಂದೆ. ಹಿಂದಿನದನ್ನು ನೋಡಬೇಕಾದರೆ ನಾವೇ ಒಂದು ಸುತ್ತು ಹಾಕಬೇಕು.

ಬಸ್ಸಿನವರೆಗೂ ಅತ್ತೆ ಬಂದರು. "ಹಬ್ಬ ಮುಗದ ಕೂಡ್ಲೆ ಬಂದಬಿಡು!" ಎಂದು ಕೆಳಗಿನಿಂದ ಕೂಗಿದರು. ಈಗ ನಮ್ಮಿಬ್ಬರ ನಡುವೆ ಕಲ್ಲಿರಲಿಲ್ಲ. ಕಿಟಕಿಯಿಂದ ಮುಖ ಹೊರಹಾಕಿ, ಅವರ ಕಣ್ಣಲ್ಲಿ ಕಣ್ಣಿಟ್ಟು, "ಹಬ್ಬ ಆಗಿ ಹತ್ತ ದಿನಕ್ಕ ನೂಲಹುಣ್ಣಿಮಿ, ಅಣ್ಣಗ ರಾಖಿ ಕಟ್ಟೇ ಬರ್ತೀನ್ರಿ, ಅತ್ತಿ!" ಎಂದೆ.

"ಅಯ್ಯ, ದೇವರಿಗೆ ಬೈಯಾಕ ಕಲಿಸಿದ್ರ ನನಗಽ ಗಂಟ ಬಿತ್ತಲ್ಲ!" ಎಂದು ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿರುವಾಗಲೇ ಬಸ್ಸು ಹೊರಟಿತು.